ಪಾಪಕ್ಕನ ಸಕ್ಕರೆ ಮಿಷನ್ನು

ರೇಣುಕಮ್ಮ ಅಂಗಳಕ್ಕೆ ನೀರು ಹಾಕಿ ರಂಗೋಲಿಯ ಮೊದಲ ಗೆರೆ ಎಳೆದಿದ್ದಳಷ್ಟೆ. ಪಕ್ಕದ ಮನೆಯ ಬೋರಣ್ಣ ಮೊಬೈಲು ಹಿಡಿದು ಅದನ್ನೇ ತುಳಿಯುತ್ತ ಓಡಿಬಂದ.

"ತಂಗೀ, ನಿಮ್ಮ ಸಕ್ಕರೆ ಮಿಷನ್ ತಗಂಬಾ! ಕೆ-ಏಳು ನಂಬರಿನವನ್ನೆಲ್ಲ ಕಂಪನಿಯೋರು ವಾಪಸ್ ತಗಂತಾರಂತೆ. ಇರೋದಕ್ಕಿಂತ ಕಮ್ಮಿ ತೋರಿಸ್ತೈತಂತೆ!"

ತಿರುಗಿಸಿ ನೋಡಿದರೆ ಕೆ-ಏಳು! ರಕ್ತದ ಸಕ್ಕರೆ ನೋಡುವ ಆ ಮಿಷನ್ನು ರೇಣುಕಮ್ಮನ ಅತ್ತೆ ಪಾಪಕ್ಕನದು, ಹೆಸರಿಗೆ ಮಾತ್ರ. ಮೊಳಕಾಲ್ಮುರಿನ ಆ ಬೀದಿಗೆಲ್ಲ ಅದೊಂದೇ. ಸೋಮವಾರ ಬೆಳಗಾದರೆ ಅವರವರ ಸೂಜಿ, ಸ್ಟ್ರಿಪ್ ಹಿಡಿದು ಜನ ಇವರ ಜಗಲಿಯ ಮೇಲೆ ಕ್ಷೌರಕ್ಕೆ ಕೂತವರಂತೆ ಸಾಲಾಗಿ ಕೂರುತ್ತಿದ್ದರು.

ಸಿಟ್ಟು ಕಂಪನಿಯ ಮೇಲೆ ಬರಬೇಕಿತ್ತು. ಬಂದದ್ದು ರೇಣುಕಮ್ಮನ ಮೇಲೆ.

"ನಿಮ್ಮ ಮಿಷನ್ ನಂಬ್ಕಂಡು ಆರು ತಿಂಗಳು ಎರಡೊತ್ತು ಅನ್ನ ಉಂಡೀನಲ್ಲಮ್ಮ!" ಎಂದ ಬೋರಣ್ಣ.

"ನನಗೇನಾದ್ರೂ ಆದ್ರೆ ಯಾರು ಜವಾಬ್ದಾರಿ?" ಎಂದರು ಎದುರು ಮನೆಯ ನಿವೃತ್ತ ಮೇಷ್ಟ್ರು ಶಾಂತವೀರಪ್ಪ.

ರೇಣುಕಮ್ಮನಿಗೆ ಮೈಯೆಲ್ಲ ಉರಿಯಿತು. ಅತ್ತೆಯ ಮಾತ್ರೆ ಹೆಚ್ಚಿಸಬೇಕೋ ಬೇಡವೋ ನೋಡಲು ಡಾಕ್ಟರು ಅವತ್ತು ಸಂಜೆಯೊಳಗೆ ನಂಬರು ಕೇಳಿದ್ದರು. ಯಾವ ನಂಬರು ಹೇಳುವುದು? ಅತ್ತೆಯನ್ನೂ, ಶಾಲೆಗೆ ರಜೆಯಿದ್ದ ಮಗಳು ಗೌರಿಯನ್ನೂ ಕರೆದುಕೊಂಡು ಅವಳು ಚಳ್ಳಕೆರೆ ಬಸ್ಸು ಹತ್ತಿದಳು. ಹಿಂದೆಯೇ ಬೋರಣ್ಣ, ಮೇಷ್ಟ್ರು.

"ಇದ್ರ ಡಬ್ಬಿ ಐತೇನಮ್ಮಾ?" ಎಂದರು ಮಿಷನ್ನು ಮಾರಿದ್ದ ಔಷಧಿ ಅಂಗಡಿಯ ಬುಡೇನ್ ಸಾಬ್.

ಪಾಪಕ್ಕ ಡಬ್ಬಿಯಲ್ಲಿದ್ದ ಎಲೆ ಅಡಿಕೆಯನ್ನು ಸೆರಗಿಗೆ ಸುರುವಿಕೊಂಡು ಕೊಟ್ಟಳು. ಸಾಬರು ಕಂಪನಿಗೆ ಫೋನ್ ಹಚ್ಚಿದರು. ಅರ್ಧ ಗಂಟೆ ಅದರಲ್ಲಿ ಬರೀ ಪಿಟೀಲು.

"ಮಾರೋವಾಗ ಒಂದು ನಿಮಿಷ ಸಾಕಾಗಿತ್ತು. ವಾಪಸ್ ತಗಳ್ಳೋಕೆ ಕಚೇರಿ ನಡೆಸ್ತಾರಾ ಇವರು? ಜನರ ಜೀವ ಇವರಿಗೆ ಆಟದ ಸಾಮಾನಾ?" ರೇಣುಕಮ್ಮ ಕೂಗಿದ್ದಕ್ಕೆ ರಸ್ತೆಯಲ್ಲಿ ಹೋಗುತ್ತಿದ್ದವರೂ ನಿಂತರು.

ಕಾದು ಬೇಸತ್ತ ಬೋರಣ್ಣ ಚೀಲದಿಂದ ಶೇಂಗಾ ಉಂಡೆ ತೆಗೆದು ಹಂಚಿದ.

"ಅತ್ತೆ, ನಿಮಗೆ ಬ್ಯಾಡ!" ಎಂದಳು ರೇಣುಕಮ್ಮ.

"ತಿನ್ನಾಕಿಲ್ಲ ಕಣೇ. ಸುಮ್ನೆ ಹಿಡ್ಕಂಡಿರ್ತೀನಿ," ಎಂದ ಪಾಪಕ್ಕ ಉಂಡೆಯನ್ನು ಬೆರಳಲ್ಲೇ ತಿರುಗಿಸುತ್ತ, ಮೂಸುತ್ತ ಕೂತಳು.

ಅಂತೂ ಕಂಪನಿ ಹೂಂ ಎಂದಿತು. ಸಾಬರು ಹಳೆಯ ಮಿಷನ್ನನ್ನು ಕವರಿಗೆ ಹಾಕಿ ಟೇಪು ಸುತ್ತಿ, ಹೊಸದರ ಡಬ್ಬಿ ಮುಂದಿಟ್ಟರು. "ಹೊಸದಕ್ಕೆ ಹಳೇ ಸ್ಟ್ರಿಪ್ ಆಗಾಕಿಲ್ಲ. ಒಳಗೆ ಐದು ಐತೆ. ಬೇರೆ ಬರೋದು ಮುಂದಿನ ವಾರ."

ಗೌರಿ ಹೊಸ ಡಬ್ಬಿಯೊಳಗಿನ ಚಿತ್ರದ ಹಾಳೆ ಬಿಡಿಸಿದಳು. ಮೊದಲನೆಯ ಚಿತ್ರ ನೋಡಿದಳು. ಅಜ್ಜಿಯ ಕೈ ನೋಡಿದಳು. "ಅವ್ವಾ..."

"ಸುಮ್ಕಿರೇ, ದೊಡ್ಡೋರು ಮಾತಾಡ್ತಾವ್ರೆ."

ಪಾಪಕ್ಕ ಚುಚ್ಚಿಕೊಂಡಳು. ಮುನ್ನೂರ ನಲವತ್ತೆರಡು! ಬೋರಣ್ಣ ಕೈಚಾಚಿದ: ಮುನ್ನೂರ ಹತ್ತು. ಮೇಷ್ಟ್ರು: ಮುನ್ನೂರು. ಅವರಿಗೆ ನಂಬಿಕೆ ಬರಲಿಲ್ಲ, ಇನ್ನೊಮ್ಮೆ ಚುಚ್ಚಿಕೊಂಡರು. ಅವರದು ಎರಡಾಯಿತೆಂದು ಬೋರಣ್ಣನೂ ಇನ್ನೊಂದು ಎಳೆದುಕೊಂಡ. ಸ್ಟ್ರಿಪ್ ಡಬ್ಬಿ ಖಾಲಿ.

"ಅವ್ವಾ..."

"ಬಾಯ್ಮುಚ್ಚೇ! ಆರು ತಿಂಗಳು ಮೋಸ ಮಾಡವ್ರೆ!" ರೇಣುಕಮ್ಮ ಡಾಕ್ಟರಿಗೆ ಫೋನ್ ಮಾಡಿದಳು. "ಮುನ್ನೂರ ನಲವತ್ತೆರಡು ಡಾಕ್ಟ್ರೇ. ಮಾತ್ರೆ ಎಷ್ಟು ಹೆಚ್ಚಿಸಲಿ?"

ಎಲ್ಲರೂ ಫೋನಿನ ಕಡೆ ಕಿವಿ ಚಾಚಿದರು. ಅಷ್ಟರಲ್ಲಿ ಗೌರಿಯ ದನಿ ಅಂಗಡಿಗೆಲ್ಲ ಕೇಳಿಸಿತು.

"ಅವ್ವಾ, ಇದ್ರಾಗೆ ಮೊದಲು ಕೈ ತೊಳ್ಕಳ್ರಿ ಅಂತ ಐತೆ. ಬೆಲ್ಲದ ಕೈಯಾಗೆ ಚುಚ್ಕಂಡ್ರೆ, ಆ ನಂಬರು ಅಜ್ಜಿದಾ, ಉಂಡೇದಾ?"