ಹಲಗೆಗೆ ತಲೆ ಹಾಕಿದ ಡೆಸ್ಮಂಡ್

"ಇವತ್ತು ಒಬ್ಬನೇ ಹೋಗ್ತೀನಿ, ಖುಷಿ ಪಡ್ತೀನಿ, ಖುಷಿಯಾಗೇ ವಾಪಸ್ ಬರ್ತೀನಿ!"

ಡೆಸ್ಮಂಡ್ ಪಿಮ್ ತಿಂಡಿಯ ಮೇಜು ಗುದ್ದಿ ಹೀಗೆ ಘೋಷಿಸಿದಾಗ ಕೇಳಿಸಿಕೊಂಡದ್ದು ಟೋಸ್ಟರ್ ಒಂದೇ. ಹೆಂಡತಿ ಎಡ್ನಾ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನಿಗೆ ಎದುರು ಮಾತಾಡುತ್ತಿದ್ದದ್ದೂ ಅದೊಂದೇ. ಅದೂ ಬ್ರೆಡ್ಡು ಎಗರಿಸುವಾಗ ಮಾತ್ರ, 'ಟಪ್' ಅಂತ ಒಂದೇ ಮಾತು!

ಅಷ್ಟು ಸಾಲದೆಂದು ತಂಗಿ ಹಿಲ್ಡಾಗೆ ಫೋನು ಮಾಡಿದ.

"ಮಾರ್ಸ್‌ಬಿ ಪಿಯರ್‌ಗೆ ಹೋಗ್ತಿದೀನಿ ಕಣೆ."

"ಯಾರ ಜೊತೆ?"

"ನನ್ನ ಜೊತೆ!"

"ಅತ್ತಿಗೆ ಇದ್ದಾಗ್ಲೇ ನೀನು ಅಲ್ಲಿ ಬೆಂಚಿನ ಮೇಲೆ ಕೂತು ಅವಳ ಬ್ಯಾಗ್ ಕಾಯ್ತಿದ್ದೆ. ಈಗ ಒಬ್ಬನೇ ಹೋಗಿ ಏನು ಕಾಯ್ತೀಯ?"

"ಮಜಾ ಮಾಡ್ತೀನಿ, ನೋಡ್ತಿರು!"

"ಹಾಗಾದ್ರೆ ನೀನು ನಗ್ತಿರೋ ಒಂದು ಫೋಟೋ ಕಳಿಸಣ್ಣ. ಆಮೇಲೆ ನಂಬ್ತೀನಿ."

ವಿಕ್ಟೋರಿಯಾ ರಾಣಿಯ ಕಾಲದಿಂದ ಸಮುದ್ರದಲ್ಲಿ ಕಬ್ಬಿಣದ ಕಾಲೂರಿ ನಿಂತ, ಆಟ-ತಿಂಡಿ ಅಂಗಡಿಗಳ ಉದ್ದನೆಯ ಮರದ ಕಟ್ಟೆ ಆ ಪಿಯರ್. ಡೆಸ್ಮಂಡ್ ದಂಡಯಾತ್ರೆಗೆ ಹೊರಟ ಸೇನಾಪತಿಯಂತೆ ಎದೆಯುಬ್ಬಿಸಿ ಒಳಹೊಕ್ಕ. ಕತ್ತಲಲ್ಲಿ ಸುತ್ತಿಸಿ ಹೆದರಿಸುವ ಭೂತದ ರೈಲಿನವನು, "ಇಬ್ಬರು ಕೂರೋ ಗಾಡಿ ಸಾರ್, ಜೊತೆಗೆ ಯಾರೂ ಇಲ್ವಾ?" ಎಂದ. ಸೇನಾಪತಿ ಅಲ್ಲಿಂದ ಹಿಮ್ಮೆಟ್ಟಿದ. ಟೀ ಅಂಗಡಿಯಲ್ಲಿ ನಾಲಿಗೆ ಹಳೆಯ ಅಭ್ಯಾಸದಂತೆ "ಎರಡು ಟೀ" ಎಂದುಬಿಟ್ಟಿತು. ತಪ್ಪಾಯಿತು ಎನ್ನಲು ನಾಚಿಕೆ. ಎರಡನ್ನೂ ತಾನೇ ಕುಡಿದ. ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಅದು ತಣ್ಣಗಾಗಿತ್ತು. ಹಲಗೆಗಳ ಸಂದಿಯಲ್ಲಿ ಕೆಳಗೆ ಬೂದು ಬಣ್ಣದ ನೀರು ಹೊಯ್ದಾಡುತ್ತಿತ್ತು. ಅದನ್ನೇ ಬಹಳ ಹೊತ್ತು ನೋಡಿದ.

ಸರಿ, ಫೋಟೋ ಆದರೂ ತೆಗೆದುಕೊಂಡು ಹೋಗೋಣವೆಂದು ಎದ್ದ.

ಪಿಯರ್‌ನ ತುದಿಯಲ್ಲಿ ಬಣ್ಣ ಬಳಿದ ಒಂದು ದೊಡ್ಡ ಹಲಗೆ. ಅದರ ಮೇಲೆ ಗಿರಿಜಾ ಮೀಸೆಯ ಪೈಲ್ವಾನ, ಪಕ್ಕದಲ್ಲಿ ಪಟ್ಟೆಪಟ್ಟೆ ಈಜುಡುಗೆಯ ಡುಮ್ಮಿ. ಇಬ್ಬರಿಗೂ ಮುಖವಿಲ್ಲ, ಬರೀ ತೂತು. ಹಿಂದಿನಿಂದ ಮುಖ ತೂರಿಸಿ ಫೋಟೋ ತೆಗೆಸಿಕೊಳ್ಳಬೇಕು. ಡೆಸ್ಮಂಡ್ ಎದುರಿನ ಬೆಂಚಿನ ಮೇಲೆ ಫೋನು ನಿಲ್ಲಿಸಿ, ಟೈಮರ್ ಒತ್ತಿ, ಹಿಂದಕ್ಕೆ ಓಡಿದ. ಪೈಲ್ವಾನನ ತೂತಿಗೆ ಸ್ಟೂಲು ಹತ್ತಬೇಕು. ಫೋನು ಟಿಕ್ ಟಿಕ್ ಎನ್ನುತ್ತಿದೆ! ಅವಸರದಲ್ಲಿ ಡುಮ್ಮಿಯ ತೂತಿಗೇ ನುಗ್ಗಿದ. ಮುಖವಷ್ಟೇ ಇಡಬೇಕಾದಲ್ಲಿ ಇಡೀ ತಲೆಯೇ ಆಚೆ ಹೋಯಿತು. ಫೋಟೋ ಬಿತ್ತು. ತಲೆ ಮಾತ್ರ ವಾಪಸ್ ಬರಲಿಲ್ಲ! ಹೋಗುವಾಗ ಮಡಚಿಕೊಂಡಿದ್ದ ಕಿವಿಗಳು ಆಚೆ ಕಡೆ ಕೊಡೆಯಂತೆ ಬಿಚ್ಚಿಕೊಂಡಿದ್ದವು.

ಜನ್ಮದಲ್ಲಿ ಯಾರ ವಿಷಯಕ್ಕೂ ತಲೆ ಹಾಕದ ಮನುಷ್ಯ ಹಲಗೆಗೆ ತಲೆ ಹಾಕಿ ಕೆಟ್ಟಿದ್ದ!

"ಸಹಾಯ ಮಾಡಿ" ಎಂದು ಕೂಗಬಹುದಿತ್ತು. ಅಷ್ಟರಲ್ಲಿ ಪ್ರವಾಸಿ ಬಸ್ಸಿನ ಹಿರಿಯರ ಗುಂಪೊಂದು ಬಂತು.

"ಅಯ್ಯೋ, ಎಷ್ಟು ಚೆನ್ನಾಗಿದೆ! ಅಲ್ಲೇ ಇರಿ, ಅಲುಗಾಡ್ಬೇಡಿ!"

"ಇಲ್ಲ, ಅಲುಗಾಡಲ್ಲ," ಎಂದ ಡೆಸ್ಮಂಡ್. ಅಪ್ಪಟ ಸತ್ಯ.

ಒಬ್ಬರಾದ ಮೇಲೊಬ್ಬರು ಪೈಲ್ವಾನರಾದರು. ಡೆಸ್ಮಂಡ್ ಎಲ್ಲರ ಪಕ್ಕದಲ್ಲೂ ಹಲ್ಲು ಕಿರಿದ. "ಪಿಯರ್‌ನೋರೇ ಸಂಬಳ ಕೊಟ್ಟು ಇಟ್ಟಿರ್ಬೇಕು," ಎಂದರು ಯಾರೋ. ಎಡ್ನಾ ಹೋದಮೇಲೆ ಇಷ್ಟು ಜನ ಅವನ ಇಷ್ಟು ಹತ್ತಿರ ನಿಂತದ್ದು ಇದೇ ಮೊದಲು. ಎಲ್ಲರೂ ಫೋಟೋ ತೆಗೆಸಿಕೊಂಡರು. ಹೆಸರು ಯಾರೂ ಕೇಳಲಿಲ್ಲ.

ತುಂತುರು ಶುರುವಾಯಿತು. ಗುಂಪು ಕರಗಿತು. ಎದುರಿಗೆ ಬೆಂಚಿನ ಮೇಲೆ ಒಂಟಿ ಫೋನು, ಅದರಾಚೆ ಬರೀ ಸಮುದ್ರ. ಮೂಗಿನಿಂದ ನೀರು ತೊಟ್ಟಿಕ್ಕಿತು. ಒರೆಸಿಕೊಳ್ಳಲು ಕೈಗಳು ಹಲಗೆಯ ಹಿಂದೆ!

"ಮಳೆ ಜೋರಾಗೋ ಹಾಗಿದೆ, ಅಲ್ವಾ?"

ಪೈಲ್ವಾನನ ತೂತಿನಿಂದ ಹೆಂಗಸಿನ ದನಿ. ಡೆಸ್ಮಂಡ್‌ಗೆ ಆ ಕಡೆ ಕತ್ತು ತಿರುಗಿಸಲು ಆಗದು.

"ನೀವು ಇನ್ನೂ ಹೋಗಿಲ್ವಾ?"

"ಇಲ್ಲ. ಐರಿಸ್ ಅಂತ ನನ್ನ ಹೆಸರು. ಇಲ್ಲಿಂದ ಸಮುದ್ರ ಚೆನ್ನಾಗಿ ಕಾಣುತ್ತೆ."

ಡೆಸ್ಮಂಡ್ ಮೊದಲು ಹವೆಯ ಬಗ್ಗೆ ಮಾತಾಡಿದ. ಆಮೇಲೆ ಎರಡು ಟೀ ವಿಷಯ ಹೇಳಿದ. ಎಡ್ನಾ ಟಿಕೆಟ್ ಕೊಡುವವರಿಂದ ಹಿಡಿದು ಕಡಲಹಕ್ಕಿಗಳವರೆಗೆ ಎಲ್ಲರನ್ನೂ ಮಾತಾಡಿಸುತ್ತಿದ್ದದ್ದು, ತಾನು ಅವಳ ಹಿಂದೆ ಸುಮ್ಮನೆ ನಿಲ್ಲುತ್ತಿದ್ದದ್ದು, ಈಗ ದಿನವಿಡೀ ಬಾಯಿ ತೆರೆಯಲು ಕಾರಣವೇ ಸಿಗದಿರುವುದು, ಎಲ್ಲವೂ ಬಂತು. ಮುಖ ಕಾಣದ್ದರಿಂದ ಮಾತು ಸಲೀಸಾಗಿ ಹರಿಯಿತು.

"ನಿಮಗೆ ಹೊತ್ತಾಯ್ತೇನೋ?"

"ಇಲ್ಲ, ನನಗೇನು ಅವಸರ?" ಎಂದಿತು ದನಿ, ನಿಟ್ಟುಸಿರಿನೊಂದಿಗೆ.

ಮಳೆಯಲ್ಲಿ ನೆನೆಯುತ್ತ ಅಪರಿಚಿತನ ಗೋಳು ಕೇಳುವ ಪುಣ್ಯಾತ್ಮರು ಇನ್ನೂ ಇದ್ದಾರೆ! ಇವರ ಹತ್ತಿರ ಮುಚ್ಚುಮರೆ ಯಾಕೆ?

"ಐರಿಸ್ ಅವರೇ, ನಿಜ ಹೇಳ್ತೀನಿ. ನನ್ನ ತಲೆ ಸಿಕ್ಕಿಹಾಕ್ಕೊಂಡಿದೆ."

ಮರುಕ್ಷಣ ಪಿಯರ್ ಅದುರುವಂತೆ ಐರಿಸ್ ಕೂಗಿದಳು. "ಯಾರಾದ್ರೂ ಬನ್ರೀ! ಇಲ್ಲಿ ತಲೆ ಸಿಕ್ಹಾಕ್ಕೊಂಡಿದೆ!"

ಮೀನು ಕರಿಯುವ ಅಂಗಡಿಯ ಬ್ರೆಂಡಾ ಎಣ್ಣೆ ಬಾಟಲಿ ಹಿಡಿದು ಓಡಿಬಂದಳು. ಕಿವಿಗೆ ಸುರಿದಳು, ಕಿವಿ ಮಡಚಿದಳು, ಹಿಂದಿನಿಂದ ಸೊಂಟ ಹಿಡಿದು ಎಳೆದಳು. 'ಪುಳಕ್' ಎಂದು ಡೆಸ್ಮಂಡ್ ಭೂಮಿಗೆ ಮರಳಿದ. "ಬಾಣಲೆ ಸೀದುಹೋಗುತ್ತೆ!" ಎಂದು ಬಾಟಲಿ ಅವನ ಕೈಗೆ ತುರುಕಿ ಅವಳು ಓಟ ಕಿತ್ತಳು.

ಪಕ್ಕದ ಸ್ಟೂಲಿನ ಮೇಲೆ ಹಸಿರು ರೇನ್‌ಕೋಟಿನ ಬೆನ್ನೊಂದು ಹಲಗೆಗೆ ಅಂಟಿಕೊಂಡಿತ್ತು. ಡೆಸ್ಮಂಡ್ ಕೂದಲು ಸವರಿಕೊಂಡು, ಎದೆಯ ಮೇಲೆ ಕೈಯಿಟ್ಟು ಶುರುಮಾಡಿದ.

"ಐರಿಸ್ ಅವರೇ, ಯಾರೋ ಒಬ್ಬನಿಗೋಸ್ಕರ ಮಳೇಲಿ ನಿಂತು, ಅವನ ದುಃಖಕ್ಕೆ ಕಿವಿಗೊಟ್ಟು, ಬಿಟ್ಟು ಹೋಗದೆ..."

"ಹೋಗೋಕೆ ಆಗಿದ್ರೆ ಬಸ್ಸಿನೋರ ಜೊತೆಗೇ ಹೋಗಿರ್ತಿದ್ದೆ!" ಎಂದಳು ಐರಿಸ್. "ಭಾಷಣ ಆಮೇಲೆ ಮಾಡಿ. ಮೊದಲು ಆ ಎಣ್ಣೆ ಬಾಟ್ಲಿ ಈ ಕಡೆ ತನ್ನಿ!"