ಹೊಳೆಯುವ ಪರಸಿ, ಕದಲದ ರೋಬೋಟ್

ಸ್ವಚ್ಛತೆಯ ವಿಷಯದಲ್ಲಿ ನಾನು ಕಿರಿಕಿರಿ ಮನುಷ್ಯ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಸುಸ್ತಾಗಿದೆ, ವಾದಕ್ಕೆ ತ್ರಾಣವಿಲ್ಲ. ಯಾದಗಿರಿಯ ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಹೇಳುತ್ತ ಹದಿನೆಂಟು ವರ್ಷವಾಯಿತು. ಅಷ್ಟೂ ವರ್ಷ, ಬೆಳಿಗ್ಗೆ ಬಂದವನೇ ಮೇಜಿನ ಮೇಲೆ ಬೆರಳೆಳೆದು, ಆ ಬೆರಳನ್ನು ನಮ್ಮ ಜವಾನ ಮಹಿಬೂಬಣ್ಣನ ಮೂಗಿನ ಮುಂದೆ ಹಿಡಿದಿದ್ದೇನೆ. ಈ ಬಿಸಿಲೂರಿನಲ್ಲಿ ಕಿಟಕಿ ತೆರೆದರೆ ಧೂಳು ಬಾರದೆ ಪನ್ನೀರು ಬರುತ್ತದೆಯೇ ಎಂದು ಆತ ಒಮ್ಮೆಯೂ ಕೇಳಲಿಲ್ಲ. "ಆಯ್ತ್ರಿ ಸರ್" ಎನ್ನುತ್ತಿದ್ದ, ಅಷ್ಟೇ.

ಇಂಥ ನಾನು ಕಾಲೇಜಿನ ಖಾಲಿ ಕೋಣೆಯೊಂದರಲ್ಲಿ ಎರಡು ವರ್ಷ ಹೆಣಗಿ ರೊಟ್ಟಿ ಬುಟ್ಟಿಯಷ್ಟು ದೊಡ್ಡ ರೋಬೋಟ್ ಒಂದನ್ನು ಮಾಡಿದೆ. ಅದು ಸುತ್ತಲೂ ಕೆಂಪು ಬೆಳಕಿನ ಗೆರೆಯೊಂದನ್ನು ಚೆಲ್ಲುತ್ತದೆ. ಗೋಡೆಯ ಮೇಲೆ ಬಿದ್ದ ಗೆರೆಯನ್ನು ಅದರ ಕ್ಯಾಮೆರಾ ನೋಡಿ, ಯಾವ ಕಡೆ ಎಷ್ಟು ದೂರ ಎಂದು ಅಳೆದು, ಜಾಗವಿದ್ದತ್ತ ಹೋಗುತ್ತದೆ. ಪ್ರಾಂಶುಪಾಲರಿಗೆ ನಂಬಿಕೆಯಿಲ್ಲ. "ಸೋಮವಾರ ಬಂದು ನೋಡ್ತೇನಿ. ಓಡಿದ್ರ ಖೋಲಿ ನಿಮಗ. ಇಲ್ಲಂದ್ರ ಮುರಿದ ಬೆಂಚು ಇಡಾಕ ಬೇಕು" ಎಂದರು. ಎರಡು ವರ್ಷದಿಂದ ನನ್ನ ಸಂಸಾರವೆಲ್ಲ ಆ ಖೋಲಿಯಲ್ಲೇ. ಭಯವಾಯಿತು. "ಮಹಿಬೂಬಣ್ಣ, ನೆಲದಾಗ ಮುಖ ಕಾಣಬೇಕು ನೋಡು" ಎಂದೆ.

ಸೋಮವಾರ ನೆಲದಲ್ಲಿ ಮುಖ ಕಂಡಿತು. ರೋಬೋಟ್ ಮಾತ್ರ ಕದಲಲಿಲ್ಲ. ಕಂಪ್ಯೂಟರಿನಲ್ಲಿ ನೋಡಿದರೆ ನಾಲ್ಕೂ ಕಡೆ ಗೇಣು ದೂರಕ್ಕೇ ಗೋಡೆ! ಅದುವರೆಗೆ ಮಂಕಾಗಿದ್ದು, ಈಗ ಎಣ್ಣೆ ಹಾಕಿ ಉಜ್ಜಿದ ಕರಿ ಪರಸಿ ಕಲ್ಲಿನ ನೆಲದಲ್ಲಿ ಬೆಳಕಿನ ಗೆರೆ ಪ್ರತಿಫಲಿಸಿ, ಯಂತ್ರ ಅದನ್ನೇ ಗೋಡೆಯೆಂದು ನಂಬಿ ಕೂತಿತ್ತು. ಆಗಲೇ ಪ್ರಾಂಶುಪಾಲರು ಮೆಟ್ಟಿಲು ಹತ್ತುತ್ತಿದ್ದರು.

"ಮಹಿಬೂಬಣ್ಣ, ಲಗೂನ ಒಂದು ಬುಟ್ಟಿ ಮಣ್ಣು ತಗೊಂಡ್ ಬಾ."

"ಮಣ್ಣೇನ್ರಿ ಸರ್?"

"ಹೂಂ. ನೆಲಕ್ಕ ಹಾಕು."

"ನಸುಕಿನಾಗಿಂದ ಮೊಳಕಾಲೂರಿ ತಿಕ್ಕೇನ್ರಿ" ಎಂದ ಮೆಲ್ಲಗೆ. ನನಗೆ ನಾಚಿಕೆಯಾಯಿತು. ಆದರೂ ಬುಟ್ಟಿ ಬಂತು. ಇಬ್ಬರೂ ಸೇರಿ ಎರಚಿದೆವು. ಪರಸಿಯ ಹೊಳಪು ಹೋಯಿತು, ಧೂಳೆದ್ದು ಮೇಜು ಕುರ್ಚಿಗಳ ಮೇಲೂ ಕೂತಿತು.

ರೋಬೋಟ್ ಓಡಿತು. ಬೆಂಚಿನ ಕಾಲು, ಮೇಜಿನ ಕಾಲು, ಕೊನೆಗೆ ಪ್ರಾಂಶುಪಾಲರ ಕಾಲನ್ನೂ ತಪ್ಪಿಸಿಕೊಂಡು ಖೋಲಿಯೆಲ್ಲ ಸುತ್ತಿತು. ಅವರು ತಲೆದೂಗಿದರು. ಹೊರಡುವಾಗ ಮೇಜಿನ ಮೇಲೆ ಬೆರಳೆಳೆದು, ಆ ಬೆರಳನ್ನು ನನ್ನ ಮೂಗಿನ ಮುಂದೆ ಹಿಡಿದರು.

"ಯಂತ್ರ ಛಲೋ ಅದ. ಖೋಲಿ ನಿಮ್ದೇ. ಆದ್ರ ಇಷ್ಟು ಧೂಳಿನಾಗ ಹ್ಯಾಂಗ ಕೂಡ್ತೀರಿ ನೀವು?"

ಬಾಗಿಲಲ್ಲಿ ಖಾಲಿ ಬುಟ್ಟಿ ಹಿಡಿದು ಮಹಿಬೂಬಣ್ಣ ನಿಂತಿದ್ದ. ಆತನ ಕಡೆ ನೋಡುವ ಧೈರ್ಯವಾಗಲಿಲ್ಲ.

"ಆಯ್ತ್ರಿ ಸರ್" ಎಂದೆ.