ಹೊಗೆ ತಾಗದ ಕೋಟು

ಎಲ್ಲಕ್ಕೂ ಮೂಲ ಅತ್ತೆಯ ಒದ್ದೆ ರಗ್ಗು.

ಮಳೆ ಬಿಟ್ಟೇ ಇರಲಿಲ್ಲ. ಹಿಂದೆ ತಂಬಾಕಿನ ಎಲೆ ಒಣಗಿಸುತ್ತಿದ್ದ, ಈಗ ಪ್ರದರ್ಶನಕ್ಕಿಟ್ಟು ಅಳಿಯ ಕಾವಲಿದ್ದ ಹಳೆಯ ಬ್ಯಾರನ್ನಿನಲ್ಲಿ, ನೋಡಲು ಬರುವವರಿಗಾಗಿ ಇಂದು ಒಲೆ ಹೊತ್ತಿಸುತ್ತಾರೆಂದು ತಿಳಿದದ್ದೇ ತಡ, ಅತ್ತೆ ರಗ್ಗನ್ನು ಒಳಗೆ ಎಲೆ ತೂಗುಹಾಕುವ ಗಳುವಿಗೆ ಹರವಿದಳು. ಅವಳನ್ನು ನೋಡಿ ಪಕ್ಕದ ಮನೆಯವರು, ಅವರನ್ನು ನೋಡಿ ಇಡೀ ಬೀದಿ.

"ಅತ್ತೆ, ಇಲಾಖೆ ಸಾಹೇಬ್ರು ತಪಾಸಣೆಗೆ ಬರ್ತಿದಾರೆ! ಇಲ್ಲಿಗೆ ಯಾರೂ ಬರಲ್ಲ ಅಂತ ಗೊತ್ತಾದ್ರೆ ಬೀಗ ಹಾಕಿಸ್ತಾರೆ. ನನ್ನ ಕೆಲಸ ಹೋಗತ್ತೆ!"

"ಅದಕ್ಕೇ ಅಳಿಯಂದ್ರೆ, ಜನ ಸೇರಿಸಿದೀನಿ."

ಅಷ್ಟರಲ್ಲಿ ಸಾಹೇಬರು ತೊಯ್ದು ತೊಪ್ಪೆಯಾಗಿ ಬಂದೇಬಿಟ್ಟರು. ಕಾವಲುಗಾರನ ಬಾಯಿ ಒಣಗಿತು. ಅಲ್ಲಿ ಒಣಗಿದ್ದು ಅದೊಂದೇ.

"ಹೊಗೆ ಇಲ್ಲ ತಾನೆ? ಸಿಗರೇಟು ಬಿಡ್ತೀನಿ ಅಂತ ಮನೆಯವಳಿಗೆ ಆಣೆ ಮಾಡಿದೀನಿ, ವಾಸನೆ ಬಂದ್ರೆ ಒಳಗೆ ಸೇರಿಸಲ್ಲ."

"ಒಂಚೂರೂ ಇಲ್ಲ ಸಾರ್. ಒಲೆ ಗೋಡೆಯಾಚೆ. ಬಿಸಿ ಈ ತಗಡಿನ ಕೊಳವೇಲಿ ನೆಲವೆಲ್ಲ ಸುತ್ತತ್ತೆ, ಹೊಗೆ ಚಿಮಣಿಯಿಂದ ಆಚೆ ಹೋಗತ್ತೆ. ಮೊದ್ಲು ಸಣ್ಣ ಕಾವಲ್ಲಿ ಎಲೆ ಹಳದಿ ಆಗ್ಬೇಕು, ಆಮೇಲೆ ಕಾವು ಏರಿಸಿ ಒಣಗಿಸ್ಬೇಕು. ಆತುರ ಮಾಡಿದ್ರೆ ಹಸಿರಾಗೇ ಉಳಿಯತ್ತೆ."

ಸಾಹೇಬರು ತಲೆಯೆತ್ತಿದರು. ಕೆಳಗಿನ ಗಳುವಿನಲ್ಲಿ ಎಲೆಯ ಗೊಂಚಲು, ಮೇಲಿನ ಗಳುವಿನಲ್ಲಿ ಬೀದಿಯ ದರ್ಜಿಯ ಪೈಜಾಮ.

"ಅದೇನಯ್ಯಾ?"

"ಅದು... ಒಳಗೆ ತೇವ ಎಷ್ಟಿದೆ ಅಂತ ನೋಡೋಕೆ ಸಾರ್. ಹಿಂದಿನೋರ ಪದ್ಧತಿ."

"ಭಲೇ! ಹಾಗಾದ್ರೆ ನನ್ನ ಕೋಟೂ ಹಾಕು."

ಮಧ್ಯಾಹ್ನವೆಲ್ಲ ಹೆಂಗಸರು, ಗಂಡಸರು ಒಳಗೂ ಹೊರಗೂ ಓಡಾಡಿದರು, ಬಟ್ಟೆ ಮುಟ್ಟಿ ನೋಡಿದರು, ಇನ್ನೆರಡು ಕಟ್ಟಿಗೆ ತುರುಕೆಂದು ಬುದ್ಧಿ ಹೇಳಿದರು. ಕಾವಲುಗಾರನ ಜೀವ ಕೈಯಲ್ಲಿತ್ತು. ಸಾಹೇಬರಿಗೋ ಆ ಜಂಗುಳಿ ನೋಡಿ ಹಿಗ್ಗು.

"ಇಷ್ಟು ಜನ ಬರೋ ಜಾಗಕ್ಕೆ ಯಾವ ಮೂರ್ಖ ಬೀಗ ಹಾಕ್ತಾನೆ?" ಎನ್ನುತ್ತ ಬೆಚ್ಚನೆಯ ಕೋಟು ತೊಟ್ಟು ಹೊರಟರು.

ಕಾವಲುಗಾರ ಹೋದ ಜೀವ ಬಂದಂತೆ ಮೆಟ್ಟಿಲ ಮೇಲೆ ಕುಸಿದ. ಕತ್ತಲಾಗುವ ಹೊತ್ತಿಗೆ ಅತ್ತೆ ರಗ್ಗು ಮಡಚುತ್ತ ಮೂಗು ಸಿಂಡರಿಸಿದಳು.

"ಒಣಗೋದೇನೋ ಚೆನ್ನಾಗಿ ಒಣಗಿದೆ, ಅಳಿಯಂದ್ರೆ. ವಾಸನೆ ಮಾತ್ರ ನಿಮ್ಮ ಮಾವ ಕದ್ದು ಬೀಡಿ ಸೇದಿ ಬರ್ತಿದ್ರಲ್ಲ, ಹಾಗೇ ಇದೆ."

ಅವನು ರಗ್ಗು ಕಿತ್ತುಕೊಂಡು ಮೂಸಿದ. ಎಷ್ಟೋ ವರ್ಷಗಳ ತಂಬಾಕಿನ ಘಾಟು ಕುಡಿದ ಗೋಡೆಗಳು! ಆಗಲೇ ಫೋನು ಬಡಿದುಕೊಂಡಿತು. ಸಾಹೇಬರು ಪಿಸುಗುಟ್ಟುತ್ತಿದ್ದರು.

"ನಾಳೆ ಬೆಳಿಗ್ಗೇನೇ ಆ ಬ್ಯಾರನ್ನಿಗೆ ಬೀಗ ಜಡಿ."

"ಸಾರ್, ಹೊಗೆ ಒಂಚೂರೂ ತಾಗಿಲ್ಲ! ಒಲೆ ಗೋಡೆಯಾಚೆ, ಬಿಸಿ ಕೊಳವೇಲಿ..."

"ಅದನ್ನೇ ಕಣಯ್ಯಾ, ಮನೆಗೆ ಬಂದಾಗಿನಿಂದ ಬಾಗಿಲಾಚೆ ನಿಂತು ಇವಳಿಗೆ ಹೇಳ್ತಾ ಇರೋದು!"